ರೋಬೋ ರಿವರ್ಸ್ ತಗೊಂಡಾಗಲೆಲ್ಲ ಬೋರ್ಡ್ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನಾನು ಜಮಖಂಡಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಒಂಬತ್ತನೇ ತರಗತಿ ಮಕ್ಕಳು ಎದುರಿಗೆ ಅಡ್ಡ ಬಂದರೆ ಹಿಂದೆ ಸರಿದು ಬೇರೆ ದಾರಿ ಹಿಡಿಯುವ ರೋಬೋ ಮಾಡಿದ್ದಾರೆ. ಪ್ರೋಗ್ರಾಮ್ ಓಡಿಸುವ ಆರ್ಡುಯಿನೋ ಊನೋ ಬೋರ್ಡ್, ಅದು ಹೇಳಿದಂತೆ ಮೋಟಾರಿಗೆ ಕರೆಂಟ್ ಕೊಡುವ ಎಲ್298ಎನ್ ಮೋಟಾರ್ ಡ್ರೈವರ್, ಚಕ್ರಕ್ಕೆ ನಾಲ್ಕು ಹಳದಿ ಬಿಒ ಮೋಟಾರ್ (ಸಣ್ಣ ಗೇರ್ ಮೋಟಾರ್), ಬೇಕಾದ ಕೋನಕ್ಕೆ ತಿರುಗುವ ಒಂದು ಸಣ್ಣ ಸರ್ವೋ, ಅದರ ಮೇಲೆ ಎದುರಿನ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್. ಹಳೆ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದ ಎರಡು 18650 ಲಿಥಿಯಂ ಸೆಲ್ ಹಾಕಿದ್ದೇವೆ. ಡ್ರೈವರಿನ 5 ವೋಲ್ಟ್ ಟರ್ಮಿನಲ್‌ನಿಂದ ಬೋರ್ಡಿನ 5 ವೋಲ್ಟ್ ಪಿನ್‌ಗೆ ತಂತಿ ಕೊಟ್ಟಿದ್ದೇವೆ. ಟೇಬಲ್ ಮೇಲೆ ಚಕ್ರ ಎತ್ತಿ ಹಿಡಿದು, ಲ್ಯಾಪ್‌ಟಾಪಿಗೆ ಸೇರಿಸಿ ಓಡಿಸಿದರೆ ಎಲ್ಲ ಸರಿ. ನೆಲಕ್ಕೆ ಬಿಟ್ಟರೆ ಮುಂದೆ ಹೋಗುತ್ತದೆ, ರಿವರ್ಸ್ ತಗೊಂಡ ಕೂಡಲೇ ನಿಲ್ಲುತ್ತದೆ ಅಥವಾ ಮೊದಲಿಂದ ಶುರು ಮಾಡುತ್ತದೆ. ಹತ್ತು ನಿಮಿಷ ಓಡಿದ ಮೇಲೆ ಇನ್ನೂ ಜಾಸ್ತಿ. ಅಂಗಡಿಯವರು ಬೋರ್ಡ್ ಡೂಪ್ಲಿಕೇಟ್ ಎಂದರು, ಎರಡು ಬದಲಿಸಿದೆವು. ಮೂರನೆಯದು ಈಗ ಪೂರ್ತಿ ಸತ್ತಿದೆ. ಸೋಲ್ಡರಿಂಗ್ ಮಾಡಿದ ಹುಡುಗನ ಕೈಗುಣವೇ ಸರಿ ಇಲ್ಲ ಎಂದು ಉಳಿದ ಮಕ್ಕಳು ಅನ್ನುತ್ತಿದ್ದಾರೆ. ಅವನು ಲ್ಯಾಬಿಗೆ ಬರುವುದನ್ನೇ ಬಿಟ್ಟಿದ್ದಾನೆ. ತಪ್ಪು ಎಲ್ಲಿದೆ?

ಉತ್ತರ: ಟೀಚರ್, ಮೊದಲು ಆ ಹುಡುಗನನ್ನು ವಾಪಸ್ ಕರೆಯಿರಿ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಅವನ ಸೋಲ್ಡರಿಂಗ್ ಬಗ್ಗೆ ನನಗೆ ಅಂಥ ಅನುಮಾನವೇ ಇಲ್ಲ. ಕೈಗುಣದಿಂದ ಕೆಟ್ಟಿದ್ದರೆ ಟೇಬಲ್ ಮೇಲೂ ಕೆಡಬೇಕಿತ್ತು, ಮುಂದೆ ಹೋಗುವಾಗಲೂ ಕೆಡಬೇಕಿತ್ತು. ನಿಮ್ಮ ರೋಬೋ ಒಂದು ನಿರ್ದಿಷ್ಟ ಹೊತ್ತಿಗೆ ಮಾತ್ರ ಸೋಲುತ್ತಿದೆ, ಆ ಹೊತ್ತೇ ನಮಗೆ ದೊಡ್ಡ ಸುಳಿವು.

ಹೊಲದಲ್ಲಿ ಬೋರ್‌ವೆಲ್ ಮೋಟಾರ್ ಚಾಲೂ ಮಾಡಿದ ಕ್ಷಣ ಮನೆಯ ಬಲ್ಬ್ ಮಂಕಾಗುವುದನ್ನು ನಿಮ್ಮ ಮಕ್ಕಳೆಲ್ಲ ನೋಡಿರುತ್ತಾರೆ ಅಲ್ವಾ? ಬಲ್ಬ್ ಕೆಟ್ಟಿಲ್ಲ, ಮೋಟಾರೂ ಕೆಟ್ಟಿಲ್ಲ. ತಂತಿಯಲ್ಲಿ ಒಮ್ಮೆಗೇ ಜಾಸ್ತಿ ಕರೆಂಟ್ ಹರಿದು ವೋಲ್ಟೇಜ್ ಕುಸಿಯುತ್ತದೆ. ನಿಮ್ಮ ರೋಬೋದಲ್ಲೂ ಅದೇ ಆಗುತ್ತಿದೆ ಎಂಬುದು ನನ್ನ ಅಂದಾಜು. ಬಲ್ಬ್ ಮಂಕಾಗಿ ಮತ್ತೆ ಬೆಳಗುತ್ತದೆ. ಬೋರ್ಡಿನ ಮಿದುಳಾದ ಮೈಕ್ರೋಕಂಟ್ರೋಲರ್ ಚಿಪ್ ಹಾಗಲ್ಲ, ಒಂದು ಕ್ಷಣ ವೋಲ್ಟೇಜ್ ಬಿದ್ದರೂ ಮಾಡುತ್ತಿದ್ದ ಕೆಲಸವನ್ನೆಲ್ಲ ಮರೆತು ಮೊದಲಿಂದ ಶುರು ಮಾಡುತ್ತದೆ.

ರಿವರ್ಸ್‌ನಲ್ಲೇ ಯಾಕೆ? ಡಿಸಿ ಮೋಟಾರ್ ತಿರುಗುತ್ತಿರುವಾಗ ತಾನೂ ಒಂದು ಸಣ್ಣ ಜನರೇಟರ್ ಆಗಿರುತ್ತದೆ. ಅದು ಹುಟ್ಟಿಸುವ ವೋಲ್ಟೇಜ್ ಬ್ಯಾಟರಿಗೆ ಎದುರಾಗಿ ನಿಂತು ಕರೆಂಟನ್ನು ತಡೆಯುತ್ತದೆ, ಹಾಗಾಗಿ ಓಡುತ್ತಿರುವ ಮೋಟಾರ್ ಕಡಿಮೆ ಕರೆಂಟ್ ತಿನ್ನುತ್ತದೆ. ನಿಂತ ಮೋಟಾರಿಗೆ ಆ ತಡೆ ಇಲ್ಲ, ಅದಕ್ಕೇ ಶುರುವಿನಲ್ಲಿ ಜಾಸ್ತಿ ಎಳೆಯುತ್ತದೆ. ಈಗ ಜೋರಾಗಿ ಮುಂದೆ ಓಡುತ್ತಿರುವ ಮೋಟಾರಿಗೆ ಏಕ್‌ದಂ ಉಲ್ಟಾ ವೋಲ್ಟೇಜ್ ಕೊಟ್ಟರೆ? ಅಲ್ಲಿಯವರೆಗೆ ತಡೆಯುತ್ತಿದ್ದ ವೋಲ್ಟೇಜ್ ಈಗ ಬ್ಯಾಟರಿಯ ಜೊತೆ ಸೇರಿಕೊಂಡು ಅದೇ ದಿಕ್ಕಿಗೆ ತಳ್ಳುತ್ತದೆ. ಕರೆಂಟ್ ಶುರುವಿನದಕ್ಕಿಂತಲೂ ಹೆಚ್ಚು, ಸುಮಾರು ಎರಡು ಪಟ್ಟಿನ ಹತ್ತಿರ ಹೋಗಬಹುದು. ನಾಲ್ಕೂ ಮೋಟಾರಿಗೆ ಇದು ಒಂದೇ ಕ್ಷಣದಲ್ಲಿ ಆಗುತ್ತದೆ. ಅಷ್ಟರಲ್ಲೇ ನಿಮ್ಮ ಸರ್ವೋ ಕೂಡ ಆಚೀಚೆ ನೋಡಲು ತಿರುಗುತ್ತಿದ್ದರೆ ಅದರ ಪಾಲು ಬೇರೆ.

ಈಗ ಲೆಕ್ಕ ಹಾಕೋಣ. ಶುರುವಿನಲ್ಲಿ ನಾಲ್ಕೂ ಮೋಟಾರ್ ಸೇರಿ 3 ಆಂಪಿಯರ್ ಎಳೆಯುತ್ತವೆ ಎಂದು ಹಿಡಿಯಿರಿ. ಹಳೆ ಸೆಲ್‌ಗಳ ಒಳಗಿನ ರೆಸಿಸ್ಟೆನ್ಸ್, ಹೋಲ್ಡರಿನ ಸ್ಪ್ರಿಂಗ್, ಸ್ವಿಚ್, ತೆಳ್ಳನೆ ತಂತಿ ಎಲ್ಲ ಕೂಡಿ ಅರ್ಧ ಓಮ್ ಇದೆ ಎನ್ನಿ. ಅಲ್ಲಿಗೆ 1.5 ವೋಲ್ಟ್ ಹಾದಿಯಲ್ಲೇ ಹೋಯಿತು. ಬ್ಯಾಟರಿ 7.4 ವೋಲ್ಟ್ ಇದ್ದರೆ ಡ್ರೈವರಿಗೆ ಮುಟ್ಟುವುದು 5.9. ನೀವು 5 ವೋಲ್ಟ್ ತೆಗೆಯುತ್ತಿರುವುದು ಡ್ರೈವರ್ ಮೇಲಿನ 78ಎಂ05 ರೆಗ್ಯುಲೇಟರಿನಿಂದ (ವೋಲ್ಟೇಜನ್ನು 5ಕ್ಕೆ ಇಳಿಸಿ ಸ್ಥಿರವಾಗಿಡುವ ಬಿಡಿಭಾಗ), ಅದಕ್ಕೆ ತನ್ನ ಕೆಲಸಕ್ಕೇ ಸುಮಾರು 2 ವೋಲ್ಟ್ ಬೇಕು. ಬೋರ್ಡಿಗೆ ಸಿಗುವುದು 3.9. ರಿವರ್ಸ್‌ನಲ್ಲಿ ಕರೆಂಟ್ 5 ಆಂಪಿಯರ್ ಆದರೆ ಇದೇ ಲೆಕ್ಕದಲ್ಲಿ 2.9 ವೋಲ್ಟಿಗೆ ಬಂದು ನಿಲ್ಲುತ್ತದೆ.

ಊನೋದಲ್ಲಿರುವ ಎಟಿಮೆಗಾ328ಪಿ ಚಿಪ್ 16 ಮೆಗಾಹರ್ಟ್ಸ್ ವೇಗದಲ್ಲಿ ನೆಟ್ಟಗೆ ಓಡಬೇಕಾದರೆ ಸುಮಾರು 3.8 ವೋಲ್ಟಾದರೂ ಬೇಕು. ಆದರೆ ಅದು ತಾನಾಗಿ ರಿಸೆಟ್ ಆಗುವುದು ಸುಮಾರು 2.7ಕ್ಕೆ ಇಳಿದಾಗ. ಈ ಎರಡರ ನಡುವಿನ ಜಾಗ ಇದೆಯಲ್ಲ, ಅಲ್ಲಿ ಚಿಪ್ ಸತ್ತೂ ಇಲ್ಲ, ಬದುಕೂ ಇಲ್ಲ. ಲೆಕ್ಕ ತಪ್ಪಬಹುದು, ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳಬಹುದು. ನಿಮ್ಮ ರೋಬೋ ಕೆಲವೊಮ್ಮೆ ಮೊದಲಿಂದ ಶುರು ಮಾಡುತ್ತದೆ, ಕೆಲವೊಮ್ಮೆ ಸುಮ್ನೆ ನಿಂತುಬಿಡುತ್ತದೆ ಎಂದಿರಿ. ಎರಡೂ ಒಂದೇ ರೋಗದ ಎರಡು ಮುಖ.

ಟೇಬಲ್ ಮೇಲೆ ಯಾಕೆ ಸರಿ ಇತ್ತು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಚಕ್ರ ಎತ್ತಿ ಹಿಡಿದಾಗ ಮೋಟಾರಿಗೆ ಭಾರವಿಲ್ಲ. ಅದಕ್ಕಿಂತ ಮುಖ್ಯವಾಗಿ, ಲ್ಯಾಪ್‌ಟಾಪ್ ಯುಎಸ್‌ಬಿಯಿಂದ ಬೋರ್ಡಿಗೆ 5 ವೋಲ್ಟ್ ಕೊಡುತ್ತಿತ್ತು, ಬ್ಯಾಟರಿ ಕುಸಿದರೂ ಅದು ಕೈ ಹಿಡಿದು ನಿಲ್ಲಿಸುತ್ತಿತ್ತು. ಪರೀಕ್ಷೆ ಮಾಡುವಾಗ ಯುಎಸ್‌ಬಿ ಹಚ್ಚಿಟ್ಟುಕೊಂಡರೆ ಈ ರೋಗ ಎಂದೂ ಕೈಗೆ ಸಿಗುವುದಿಲ್ಲ.

ಡೂಪ್ಲಿಕೇಟ್ ಬೋರ್ಡ್ ಎಂಬ ಮಾತಿಗೆ ಬರುತ್ತೇನೆ. ನಮ್ಮ ಕಡೆ ಸಿಗುವ ಊನೋಗಳಲ್ಲಿ ಬಹುಪಾಲು ನಕಲು ಡಿಸೈನಿನವೇ, ಯುಎಸ್‌ಬಿಗೆ ಸಿಎಚ್340 ಚಿಪ್ ಇರುವಂಥವು. ಊನೋ ಡಿಸೈನ್ ಎಲ್ಲರಿಗೂ ತೆರೆದಿಟ್ಟದ್ದು, ಹಾಗಾಗಿ ನಕಲು ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಕೆಲವು ಕಳಪೆ ಇರುತ್ತವೆ, ನಿಜ. ಆದರೆ ಮೂರು ಬೇರೆ ಬೇರೆ ಬೋರ್ಡ್ ಒಂದೇ ಕ್ಷಣದಲ್ಲಿ, ಒಂದೇ ರೀತಿ ಸೋತರೆ ಆ ಮೂರರಲ್ಲೂ ಇಲ್ಲದ, ಹೊರಗಿನ ಯಾವುದೋ ಒಂದು ಕಾರಣ ಇರಲೇಬೇಕು.

ನಾನು ಇದನ್ನು ಕಲಿತದ್ದು ದುಬಾರಿ ದಾರಿಯಲ್ಲಿ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಯಂತ್ರಗಳ ಕಂಟ್ರೋಲ್ ಕಾರ್ಡ್ ರಿಪೇರಿ ಮಾಡಲು ಶುರು ಮಾಡಿದ ಹೊಸದರಲ್ಲಿ ಒಂದು ಕಾರ್ಖಾನೆಯ ಮಷಿನ್ ಬಂತು. ಮೋಟಾರ್ ಚಾಲೂ ಮಾಡುವ ದೊಡ್ಡ ವಿದ್ಯುತ್ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಎಳೆದಾಗಲೆಲ್ಲ ಕಂಟ್ರೋಲರ್ ರಿಸೆಟ್ ಆಗುತ್ತಿತ್ತು. ಎರಡು ಸಲ ಕಾರ್ಡ್ ಬದಲಿಸಿದೆವು. ಮೂರನೇ ಸಲ ಅಲ್ಲಿನ ವಯಸ್ಸಾದ ವೈರ್‌ಮನ್ ಒಬ್ಬರು ಕಾರ್ಡಿನ ಕಡೆ ನೋಡಲೇ ಇಲ್ಲ. ಪ್ಯಾನೆಲಿನ ಕೆಳಗೆ ಕೂತು, ವಾಪಸ್ ಹೋಗುವ ತಂತಿಯ ಲಗ್ (ತುದಿಯ ಲೋಹದ ಕಿವಿ) ಒಂದನ್ನು ಬೆರಳಲ್ಲಿ ಅಲುಗಾಡಿಸಿದರು. ಅದು ಸಡಿಲವಾಗಿತ್ತು. ಹೊರಗೆ ಬಿಗಿಯಾಗೇ ಕಾಣುತ್ತಿತ್ತು, ಒಳಗೆ ಕರಿ ಕಟ್ಟಿತ್ತು. ಆ ದಿನದಿಂದ ಯಾವ ಕಾರ್ಡ್ ಬಂದರೂ ನಾನು ಮೊದಲು ನೋಡುವುದು ಕರೆಂಟ್ ಬರುವ ಹಾದಿ ಮತ್ತು ವಾಪಸ್ ಹೋಗುವ ಹಾದಿ.

ನೀವೂ ಅದನ್ನೇ ಅಳೆಯಿರಿ. ಬರೀ ಬ್ಯಾಟರಿ ವೋಲ್ಟೇಜ್ ನೋಡಿ 7.9 ಇದೆ, ಸರಿ ಇದೆ ಎಂದು ಬಿಡಬೇಡಿ. ಕರೆಂಟ್ ಹರಿಯದಾಗ ಎಂಥ ಸಡಿಲ ಜೋಡಣೆಯೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಮೋಟಾರ್ ಎಳೆಯುತ್ತಿರುವಾಗ ಅಳೆಯಬೇಕು. ಯುಎಸ್‌ಬಿ ತೆಗೆದು, ಮೋಟಾರನ್ನು ಮುಂದಕ್ಕೆ ಮಾತ್ರ ಓಡಿಸುವ ನಾಲ್ಕು ಸಾಲಿನ ಪ್ರೋಗ್ರಾಮ್ ಹಾಕಿ, ಇಬ್ಬರು ಮಕ್ಕಳು ಚಕ್ರಗಳನ್ನು ಕೈಯಲ್ಲಿ ಬಿಗಿ ಹಿಡಿಯಲಿ. ಎರಡು ಸೆಕೆಂಡ್ ಸಾಕು, ಜಾಸ್ತಿ ಹಿಡಿದರೆ ಮೋಟಾರೂ ಡ್ರೈವರೂ ವಿಪರೀತ ಬಿಸಿಯಾಗುತ್ತವೆ. ಅಷ್ಟರಲ್ಲಿ ಮೀಟರ್ ಓದಬೇಕು.

ಮೊದಲ ಅಳತೆ ಸೆಲ್ ಹೋಲ್ಡರ್‌ನಲ್ಲಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಪ್ರೋಬ್ ಸೆಲ್‌ನ ಲೋಹದ ತಲೆಯ ಮೇಲೇ ಒತ್ತಿ, ಇನ್ನೊಂದು ಆ ತುದಿಯಿಂದ ಹೊರಬರುವ ತಂತಿಯ ಬೆಸುಗೆ ಮೇಲೆ ಇಡಿ. ಅಂದರೆ ಸ್ಪ್ರಿಂಗಿನ ಈಚೆ ಒಂದು, ಆಚೆ ಒಂದು. ಚಕ್ರ ಹಿಡಿಯದಾಗ ಸೊನ್ನೆ ಹತ್ತಿರ ತೋರಿಸುತ್ತದೆ. ಹಿಡಿದಾಗ ಅದು 0.3, 0.4 ಎಂದು ಏರಿದರೆ ಕಳ್ಳ ಸಿಕ್ಕ. ಅಗ್ಗದ ಪ್ಲಾಸ್ಟಿಕ್ ಹೋಲ್ಡರ್‌ಗಳಲ್ಲಿ ಸ್ಪ್ರಿಂಗ್ ಉಕ್ಕಿನದು, ತಂತಿ ದಾರದಂತೆ ತೆಳ್ಳಗೆ. ಒಂದೊಂದು ಸ್ಪ್ರಿಂಗೂ ಹೀಗೆ ತಿಂದರೆ ನಿಮಗೆ ಉಳಿಯುವುದೇನು? ಇದೇ ರೀತಿ ಸ್ವಿಚ್ಚಿನ ಎರಡೂ ಕಾಲಿನ ನಡುವೆ, ಡ್ರೈವರಿನ ಸ್ಕ್ರೂ ಟರ್ಮಿನಲ್ ಮತ್ತು ಅದರೊಳಗಿನ ತಂತಿಯ ನಡುವೆ, ಕೊನೆಗೆ ಡ್ರೈವರಿನ ಗ್ರೌಂಡ್ (ಮೈನಸ್ ಕಡೆ) ಮತ್ತು ಬೋರ್ಡಿನ ಗ್ರೌಂಡ್ ಪಿನ್ ನಡುವೆ. ಎಲ್ಲಿ ಅಂಕಿ ಏಳುತ್ತದೋ ಅಲ್ಲಿ ವೋಲ್ಟೇಜ್ ಸೋರುತ್ತಿದೆ.

ಒಂದು ಎಚ್ಚರಿಕೆ. ಸಾಮಾನ್ಯ ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ. ರಿವರ್ಸ್ ಆಗುವ ಕ್ಷಣದ ಕುಸಿತ ಅದಕ್ಕೆ ಕಾಣುವುದೇ ಇಲ್ಲ, ಅದಕ್ಕೇ ಚಕ್ರ ಹಿಡಿದು ಅಳೆಯಿರಿ ಎಂದದ್ದು. ಹತ್ತಿರದ ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇರುತ್ತದೆ, ಮಕ್ಕಳನ್ನು ಒಂದು ಮಧ್ಯಾಹ್ನ ಕರೆದುಕೊಂಡು ಹೋಗಿ ಬೋರ್ಡಿನ 5 ವೋಲ್ಟ್ ಪಿನ್‌ಗೆ ಪ್ರೋಬ್ ಹಚ್ಚಿ ತೋರಿಸಿದರೆ ಆ ಹಳ್ಳ ಕಣ್ಣಿಗೇ ಕಾಣುತ್ತದೆ, ನಾನು ಇಲ್ಲಿ ಎಷ್ಟು ಬರೆದರೂ ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ. ಸ್ಕೋಪ್ ಸಿಗದಿದ್ದರೆ ಇನ್ನೊಂದು ಉಪಾಯ: ಪ್ರೋಗ್ರಾಮಿನ ಸೆಟಪ್ ಭಾಗದಲ್ಲಿ 13ನೇ ಪಿನ್ನಿನ ಎಲ್‌ಇಡಿಯನ್ನು ಐದು ಸಲ ಚಕಚಕ ಮಿನುಗಿಸಿ. ಓಡುವಾಗ ನಡುವೆ ಮತ್ತೆ ಐದು ಸಲ ಮಿನುಗಿದರೆ ಬೋರ್ಡ್ ರಿಸೆಟ್ ಆಯಿತು ಎಂದೇ ಅರ್ಥ. ಮಿನುಗದೆ ನಿಂತರೆ ಚಿಪ್ ಆ ನಡುವಿನ ಜಾಗದಲ್ಲಿ ಸಿಕ್ಕಿಕೊಂಡಿದೆ, ಇಲ್ಲವೇ ಪ್ರೋಗ್ರಾಮೇ ಎಲ್ಲೋ ಕಾಯುತ್ತಾ ಕೂತಿದೆ.

ಸ್ಕ್ರೂ ಟರ್ಮಿನಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸೋಲ್ಡರಿಂಗ್ ಪ್ರೀತಿಯಿಂದ ಮಾಡುವ ಮಕ್ಕಳು ಇಲ್ಲೇ ಎಡವುತ್ತಾರೆ. ತಂತಿಯ ಎಳೆಗಳು ಚೆದುರಬಾರದು ಎಂದು ತುದಿಗೆ ಸೋಲ್ಡರ್ ಹಚ್ಚಿ, ಆಮೇಲೆ ಟರ್ಮಿನಲ್ಲಿಗೆ ತೂರಿಸಿ ಸ್ಕ್ರೂ ತಿರುಗಿಸುತ್ತಾರೆ. ನೋಡಲು ಚೆಂದ. ಆದರೆ ಸೋಲ್ಡರ್ ಮೆತ್ತನೆಯ ಲೋಹ. ಸ್ಕ್ರೂ ಒತ್ತಿದ ಕಡೆ ಅದು ದಿನಗಳೆದಂತೆ ಸರಿದು ಚಪ್ಪಟೆಯಾಗುತ್ತದೆ, ಬಿಸಿಯಾದರೆ ಇನ್ನೂ ಬೇಗ, ಬಿಗಿ ತಾನೇ ಸಡಿಲವಾಗುತ್ತದೆ. ಆ ತುದಿಯನ್ನು ಕತ್ತರಿಸಿ, ಬರೀ ತಾಮ್ರದ ಎಳೆಗಳನ್ನು ಹುರಿ ಮಾಡಿ ಹಾಕಿ, ಪ್ಲಾಸ್ಟಿಕ್ ಸಿಪ್ಪೆ ಸ್ಕ್ರೂ ಕೆಳಗೆ ಸಿಕ್ಕಿಕೊಳ್ಳದಂತೆ ನೋಡಿ ಬಿಗಿ ಮಾಡಿ. ನಿಮ್ಮ ಹುಡುಗ ಹೀಗೆ ಮಾಡಿದ್ದರೆ ಅದು ಅಚ್ಚುಕಟ್ಟುತನದಿಂದ ಆದ ತಪ್ಪು, ಅವನಿಗೆ ಹಾಗೇ ಹೇಳಿ. ಮೋಟಾರಿನ ಕಿವಿಗೆ ಬೆಸೆದ ತಂತಿಯನ್ನೂ ಒಮ್ಮೆ ಮೆಲ್ಲಗೆ ಅಲುಗಿಸಿ ನೋಡಿ. ಬೆಸುಗೆ ಮಂಕಾಗಿ, ಉಂಡೆಯಂತೆ ಕೂತಿದ್ದು, ಸುತ್ತ ಕೂದಲೆಳೆಯಂಥ ಬಿರುಕು ಕಂಡರೆ ಅದು ಡ್ರೈ ಸೋಲ್ಡರ್. ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಪೇಸ್ಟ್) ಹಚ್ಚಿ ಮತ್ತೆ ಕರಗಿಸಿದರೆ ಮುಗಿಯಿತು.

ಹತ್ತು ನಿಮಿಷದ ಮೇಲೆ ಜಾಸ್ತಿ ಆಗುವುದಕ್ಕೆ ಮುಖ್ಯ ಕಾರಣ ಸೆಲ್ ಇಳಿಯುವುದು. ಬಿಸಿಯ ಪಾಲೂ ಸ್ವಲ್ಪ ಇದೆ, ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ತಗಡಿನ ಸೂರಿನ ಕೋಣೆಯಲ್ಲಿ ಓಡಿಸಿದರೆ ರೆಗ್ಯುಲೇಟರಿಗೆ ಉಸಿರಾಡಲೂ ಜಾಗ ಇರುವುದಿಲ್ಲ. ಎಲ್298ಎನ್ ಬಿಸಿ ಆಗುತ್ತದೆ, ಕೆಟ್ಟಿರಬೇಕು ಎಂದು ಎಷ್ಟೋ ಜನ ಎಸೆಯುತ್ತಾರೆ. ಅದು ಹಳೆ ಕಾಲದ ಟ್ರಾನ್ಸಿಸ್ಟರ್ ಡಿಸೈನ್, ತನ್ನೊಳಗೇ ಸುಮಾರು 2 ವೋಲ್ಟ್ ತಿಂದು ಅದನ್ನೆಲ್ಲ ಶಾಖ ಮಾಡುತ್ತದೆ. ಬಿಸಿ ಆಗುವುದು ಅದರ ಸಹಜ ಗುಣ.

ಸರಿಪಡಿಸುವ ದಾರಿಗಳಲ್ಲಿ ಖರ್ಚಿಲ್ಲದ್ದರಿಂದ ಶುರು ಮಾಡಿ. ರಿವರ್ಸ್‌ಗೆ ಮೊದಲು ಮೋಟಾರ್ ನಿಲ್ಲಿಸಿ 200 ಮಿಲಿಸೆಕೆಂಡ್ ಬಿಡಿ, ಆಮೇಲೆ ವೇಗವನ್ನು ಸೊನ್ನೆಯಿಂದ ಮೆಟ್ಟಿಲು ಹತ್ತಿದಂತೆ ಏರಿಸಿ. ಸರ್ವೋ ತಿರುಗುವಾಗ ಮೋಟಾರ್ ನಿಂತಿರಲಿ. ಇಷ್ಟಕ್ಕೇ ಅರ್ಧ ರೋಗ ವಾಸಿಯಾಗಬಹುದು, ಆದರೆ ಹಾದಿಯಲ್ಲಿನ ಸಡಿಲ ಜೋಡಣೆ ಹಾಗೇ ಉಳಿದು ಪ್ರದರ್ಶನದ ದಿನ ಕೈ ಕೊಡುವ ಅಪಾಯ ಇದೆ. ಜೊತೆಗೇ ಬ್ಯಾಟರಿಯಿಂದ ಡ್ರೈವರಿಗೆ ಹೋಗುವ ಎರಡೂ ತಂತಿಗಳನ್ನು ದಪ್ಪ ಮಾಡಿ, ಗಿಡ್ಡ ಮಾಡಿ. ಮೋಟಾರಿನ ಕರೆಂಟ್ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತಂತಿ ಚುಚ್ಚುವ ರಂಧ್ರಗಳ ಹಲಗೆ) ಮೂಲಕ ಹೋಗಲೇಬಾರದು, ಅದರೊಳಗಿನ ಕ್ಲಿಪ್‌ಗಳು ಅಷ್ಟು ಕರೆಂಟಿಗಲ್ಲ. ಬ್ಯಾಟರಿಯ ಮೈನಸ್ ನೇರವಾಗಿ ಡ್ರೈವರಿಗೆ, ಅಲ್ಲಿಂದ ಬೋರ್ಡಿಗೆ ಬೇರೆ ಒಂದು ಗ್ರೌಂಡ್ ತಂತಿ.

ಕರೆಂಟನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತೂ ನಿಮ್ಮ ಕಿವಿಗೆ ಬೀಳುತ್ತದೆ. ಎಲ್ಲಿ ಹಾಕುತ್ತೀರಿ ಎಂಬುದರ ಮೇಲೆ ಇದೆ. ಮೋಟಾರಿನ ಕಡೆ 1000 ಮೈಕ್ರೋಫ್ಯಾರಡ್ ಹಾಕಿದರೆ, 3 ಆಂಪಿಯರ್‌ನ್ನು ಅದೊಂದೇ ಹೊರಬೇಕಾಗಿ ಬಂದಾಗ ಒಂದು ಮಿಲಿಸೆಕೆಂಡಿಗೇ 3 ವೋಲ್ಟ್ ಇಳಿದುಹೋಗುತ್ತದೆ. ಅಷ್ಟೇ ಕೆಪಾಸಿಟರನ್ನು ಬೋರ್ಡಿಗೆ ಮಾತ್ರ ಮೀಸಲಿಟ್ಟರೆ ಕಥೆ ಬೇರೆ. ಬೋರ್ಡಿಗೆ ಬೇಕಾದದ್ದು ಸುಮಾರು 60 ಮಿಲಿಆಂಪಿಯರ್, ಅದಕ್ಕೆ ಒಂದು ವೋಲ್ಟ್ ಇಳಿಯಲು 16 ಮಿಲಿಸೆಕೆಂಡ್ ಹಿಡಿಯುತ್ತದೆ. ಮಾಡಬೇಕಾದದ್ದು ಇಷ್ಟು: ಡ್ರೈವರಿನ 5 ವೋಲ್ಟ್‌ನಿಂದ ಬೋರ್ಡಿಗೆ ಕೊಟ್ಟ ತಂತಿ ತೆಗೆಯಿರಿ, ಬ್ಯಾಟರಿಯಿಂದ ಬೇರೆ ತಂತಿ ಎಳೆದು ಬೋರ್ಡಿನ ದುಂಡನೆ ಜ್ಯಾಕ್‌ಗೆ ಕೊಡಿ. ಆ ಜ್ಯಾಕ್ ಹಿಂದೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇದೆ, ಒಳಗೆ ಬಂದ ಕರೆಂಟ್ ವಾಪಸ್ ಮೋಟಾರಿನ ಕಡೆ ಹರಿಯಲು ಅದು ಬಿಡುವುದಿಲ್ಲ. ಬೋರ್ಡಿನಲ್ಲಿ ವಿನ್ (VIN) ಎಂದು ಬರೆದ ಪಿನ್ ಮತ್ತು ಗ್ರೌಂಡ್ ಪಿನ್ ನಡುವೆ 2200 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ ಹಾಕಿದರೆ ಚಿಕ್ಕ ಕುಸಿತಗಳನ್ನು ಬೋರ್ಡ್ ದಾಟಿಬಿಡುತ್ತದೆ. ಸರ್ವೋ ಡ್ರೈವರಿನ 5 ವೋಲ್ಟ್ ಮೇಲೇ ಇರಲಿ. ಕೆಪಾಸಿಟರಿನ ಪಟ್ಟಿ ಇರುವ ಕಡೆ ಮೈನಸ್, ಉಲ್ಟಾ ಹಾಕಿದರೆ ಸಿಡಿಯುತ್ತದೆ, ಮೊದಲ ಸಲ ಚಾಲೂ ಮಾಡುವಾಗ ಯಾರ ಮುಖವೂ ಹತ್ತಿರ ಇರಬಾರದು. ಮೋಟಾರಿನ ಎರಡೂ ಕಿವಿಗಳ ನಡುವೆ 104 ಎಂದು ಬರೆದ ಸಣ್ಣ ಸೆರಾಮಿಕ್ ಕೆಪಾಸಿಟರ್ ಬೆಸೆದರೆ ಬ್ರಶ್‌ನ ಕಿಡಿಯಿಂದ ಹುಟ್ಟುವ ಗದ್ದಲವೂ ಕಡಿಮೆಯಾಗುತ್ತದೆ.

ಬೋರ್ಡಿಗೆ ಪವರ್‌ಬ್ಯಾಂಕ್ ಕೊಡಬಹುದೇ? ಕೊಡಬಹುದು, ಗ್ರೌಂಡ್ ಮಾತ್ರ ಡ್ರೈವರ್ ಜೊತೆ ಸೇರಿರಬೇಕು. ಆದರೆ ಊನೋ ಎಳೆಯುವ ಕರೆಂಟ್ ತೀರಾ ಕಡಿಮೆ, ಎಷ್ಟೋ ಪವರ್‌ಬ್ಯಾಂಕ್‌ಗಳು ಫೋನ್ ತೆಗೆದಿದ್ದಾರೆ ಎಂದುಕೊಂಡು ತಾವಾಗೇ ಆಫ್ ಆಗುತ್ತವೆ. ಚೌಕಾಕಾರದ 9 ವೋಲ್ಟ್ ಬ್ಯಾಟರಿಯನ್ನು ಮೋಟಾರಿಗೆ ಹಾಕುವ ಯೋಚನೆ ಬೇಡವೇ ಬೇಡ, ಅದು ಇಷ್ಟು ಕರೆಂಟ್ ಕೊಡುವ ಬ್ಯಾಟರಿಯೇ ಅಲ್ಲ. ವೋಲ್ಟೇಜ್ ಇಳಿಸಿಕೊಡುವ ಎಲ್ಎಂ2596 ಬಕ್ ಮಾಡ್ಯೂಲ್ ಹಾಕುವುದಾದರೆ, ಬೋರ್ಡಿಗೆ ಜೋಡಿಸುವ ಮೊದಲು ಅದರ ಸಣ್ಣ ಸ್ಕ್ರೂ ತಿರುಗಿಸಿ ಮೀಟರಲ್ಲಿ ಸರಿಯಾಗಿ 5 ವೋಲ್ಟಿಗೆ ಹೊಂದಿಸಲೇಬೇಕು. ಹೊಸ ಮಾಡ್ಯೂಲ್ ಎಷ್ಟಕ್ಕೆ ಹೊಂದಿಸಿ ಬಂದಿರುತ್ತದೆ ಎಂದು ಹೇಳಲಾಗದು. ನನ್ನ ಮೇಜಿಗೆ ಬಂದ ಸುಟ್ಟ ಬೋರ್ಡ್‌ಗಳಲ್ಲಿ ಎಷ್ಟೋ ಇದೇ ಕಾರಣಕ್ಕೆ ಸುಟ್ಟವು.

ಸೆಲ್ ಬಗ್ಗೆ ನನಗೆ ನಿಜವಾದ ಚಿಂತೆ ಇದೆ. ಹಳೆ ಲ್ಯಾಪ್‌ಟಾಪಿನ ಸೆಲ್‌ಗಳ ಜೀವ ಅದಾಗಲೇ ಸವೆದಿರುತ್ತದೆ, ಒಳಗಿನ ರೆಸಿಸ್ಟೆನ್ಸ್ ಏರಿರುತ್ತದೆ, ನಿಮ್ಮ ಸಮಸ್ಯೆಯ ದೊಡ್ಡ ಪಾಲು ಅಲ್ಲೇ ಇರಬಹುದು. ಹೊಸದು ಕೊಳ್ಳುವಾಗ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಬರೆದದ್ದನ್ನು ಮುಟ್ಟಬೇಡಿ. ಒಳ್ಳೆಯ 18650 ಸೆಲ್‌ನಲ್ಲಿ ಸಿಗುವುದೇ ಸುಮಾರು 3500ರವರೆಗೆ. ಅದಕ್ಕಿಂತ ಮುಖ್ಯ, ಈ ಸೆಲ್‌ಗಳು ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ. ಸಿಪ್ಪೆ ಹರಿದದ್ದು, ನೆಗ್ಗಿದ್ದು, ತುಕ್ಕು ಹಿಡಿದದ್ದು ಬೇಡ. ಸೆಲ್ ಮೇಲೆ ನೇರವಾಗಿ ಬೆಸುಗೆ ಹಾಕಬಾರದು. ಒಂದು ಸೆಲ್ 3 ವೋಲ್ಟಿಗಿಂತ ಕೆಳಗೆ ಇಳಿಯುವವರೆಗೆ ಓಡಿಸಬೇಡಿ, ರಾತ್ರಿ ಬೀಗ ಹಾಕಿದ ಲ್ಯಾಬಿನಲ್ಲಿ ಚಾರ್ಜಿಗೆ ಬಿಟ್ಟು ಹೋಗಬೇಡಿ, ಮಕ್ಕಳ ಕಂಪಾಸ್ ಬಾಕ್ಸಿನಲ್ಲಿ ಬಿಡಿ ಸೆಲ್ ಇರಕೂಡದು. ಗಾಡಿ ಬಿಡಿಭಾಗದ ಅಂಗಡಿಯಲ್ಲಿ ಸಿಗುವ 5 ಆಂಪಿಯರಿನ ಬ್ಲೇಡ್ ಫ್ಯೂಸ್ ಒಂದನ್ನು ಪ್ಲಸ್ ತಂತಿಗೆ, ಸೆಲ್ ಹತ್ತಿರವೇ ಹಾಕಿ. ಉಳಿದ ಯಾವ ಸಲಹೆ ಬಿಟ್ಟರೂ ಇದನ್ನು ಬಿಡಬೇಡಿ.

ಸತ್ತ ಬೋರ್ಡಿನ ವಿಷಯ. ಡ್ರೈವರಿನ 5 ವೋಲ್ಟ್ ತಂತಿ ಹಚ್ಚಿಟ್ಟೇ ಯುಎಸ್‌ಬಿಯನ್ನೂ ಹಾಕುತ್ತಿದ್ದಿರಿ, ಎರಡು ಕಡೆಯ ಕರೆಂಟ್ ಒಂದೇ ಜಾಗದಲ್ಲಿ ಜಗಳವಾಡುತ್ತಿತ್ತು. ಅದೇ ಕಾರಣ ಎಂದು ಖಡಾಖಂಡಿತ ಹೇಳಲಾರೆ, ಬ್ಯಾಟರಿ ತಂತಿ ತಪ್ಪಿ 5 ವೋಲ್ಟ್ ಪಿನ್ನಿಗೆ ತಾಗಿದ್ದರೂ ಹೀಗಾಗುತ್ತದೆ. ಇನ್ನು ಮುಂದೆ ಪ್ರೋಗ್ರಾಮ್ ಹಾಕುವಾಗ ಆ ತಂತಿ ಬಿಚ್ಚಿರಲಿ. ಬೋರ್ಡನ್ನು ಎಸೆಯಬೇಡಿ. ಮೊದಲು ಯುಎಸ್‌ಬಿ ಕೇಬಲ್ ಬದಲಿಸಿ ನೋಡಿ, ಬರೀ ಚಾರ್ಜಿಂಗ್ ಕೇಬಲ್‌ಗಳು ಬೋರ್ಡ್ ಸತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತವೆ. ಆಮೇಲೆ ಎಲ್ಲ ತಂತಿ ಬಿಚ್ಚಿ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಓಮ್ ಅಳೆಯಿರಿ. ಎರಡು ಮೂರು ಓಮ್ ಮಾತ್ರ ಇದ್ದರೆ ಒಳಗೆ ಶಾರ್ಟ್, ಅದನ್ನು ಮತ್ತೆ ಯುಎಸ್‌ಬಿಗೆ ಹಾಕಬೇಡಿ. ಶಾರ್ಟ್ ಇಲ್ಲ, ಕಂಪ್ಯೂಟರಿನಲ್ಲಿ ಪೋರ್ಟ್ ಕಾಣುತ್ತದೆ, ಪ್ರೋಗ್ರಾಮ್ ಮಾತ್ರ ಏರುತ್ತಿಲ್ಲ ಎಂದರೆ ದೊಡ್ಡ ಚಿಪ್ ಹೋಗಿರಬಹುದು. ನಿಮ್ಮದು 28 ಕಾಲಿನ ಉದ್ದ ಚಿಪ್ ಸಾಕೆಟ್ಟಿನಲ್ಲಿ ಕೂತಿರುವ ಬೋರ್ಡಾಗಿದ್ದರೆ ಬೂಟ್‌ಲೋಡರ್ (ಯುಎಸ್‌ಬಿಯಿಂದ ಪ್ರೋಗ್ರಾಮ್ ಏರಿಸಿಕೊಳ್ಳುವ ಸಣ್ಣ ಪ್ರೋಗ್ರಾಮ್) ಹಾಕಿದ ಹೊಸ ಚಿಪ್ ತಂದು ಕೂರಿಸಿದರೆ ಬದುಕುತ್ತದೆ. ಚೌಕದ ಸಣ್ಣ ಚಿಪ್ ಆಗಿದ್ದರೆ ಶಾಲೆಯಲ್ಲಿ ಮಾಡುವ ಕೆಲಸವಲ್ಲ.

ಹೋಲ್ಡರಿನ ಸ್ಪ್ರಿಂಗ್, ಸ್ಕ್ರೂ ಟರ್ಮಿನಲ್, ಗ್ರೌಂಡ್ ತಂತಿ, ಬೋರ್ಡಿನ 5 ವೋಲ್ಟ್ ಪಿನ್. ಚಕ್ರ ಹಿಡಿದಾಗ ಈ ನಾಲ್ಕು ಕಡೆ ಬಂದ ಅಂಕಿಗಳನ್ನು ಬರೆದು ಕಳಿಸಿ, ಮುಂದಿನದನ್ನು ನೋಡೋಣ. ಅಳೆಯುವಾಗ ಪ್ರೋಬ್ ಆ ಹುಡುಗನ ಕೈಯಲ್ಲೇ ಇರಲಿ, ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಅವನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.